ಟ್ರ್ಯಾಕ್ ಡೇ ಮತ್ತು ಟೈರ್ ಸವೆತ: ಅಳೆಯುವುದು, ಓದುವುದು, ಉಳಿಸಿಕೊಳ್ಳುವುದು

‘ರಸ್ತೆಯಲ್ಲಿ 30,000 ಕಿ.ಮೀ. ಬರುವ ಟೈರು ಟ್ರ್ಯಾಕಿನಲ್ಲಿ ಎಷ್ಟು ದಿನ ಬರುತ್ತದೆ?’ ಸ್ಪೋರ್ಟ್ಸ್ ಕಾರನ್ನು ಮೊದಲ ಸಲ ಟ್ರ್ಯಾಕ್ ಡೇಗೆ ಒಯ್ಯಲು ಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಟ್ರ್ಯಾಕ್ ಡೇ ಪಂದ್ಯವಲ್ಲ. ರೇಸ್ ಟ್ರ್ಯಾಕಿನ ಮೇಲೆ 15–20 ನಿಮಿಷಗಳ ಸರದಿಗಳಲ್ಲಿ ಸ್ವಂತ ಕಾರನ್ನು ಓಡಿಸುವ ದಿನ. ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದು ಸಂಖ್ಯೆ ಇಲ್ಲ. ಕಾರು, ಟೈರು, ಟ್ರ್ಯಾಕು ಮೂರೂ ಒಂದೇ ಆಗಿದ್ದರೂ ಒಬ್ಬರು ಎಂಟು ದಿನ ಓಡಿಸಿದ ಸೆಟ್ಟನ್ನು ಇನ್ನೊಬ್ಬರು ನಾಲ್ಕೇ ದಿನದಲ್ಲಿ ಮುಗಿಸಬಹುದು. ಆದರೆ ನಿಮ್ಮ ಕಾರಿಗೆ, ನಿಮ್ಮ ಕೈಗೆ ಹೊಂದುವ ಉತ್ತರವನ್ನು ಒಂದೇ ದಿನದ ಅಳತೆಯಿಂದ ನೀವೇ ಕಂಡುಕೊಳ್ಳಬಹುದು. ಅದು ಹೇಗೆ, ಸವೆತವನ್ನು ತಗ್ಗಿಸುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ಹೇಳಿದ್ದೇವೆ.

ಕಿಲೋಮೀಟರ್ ಲೆಕ್ಕ ಇಲ್ಲಿ ಏಕೆ ನಡೆಯುವುದಿಲ್ಲ

ಟೈರನ್ನು ತಿನ್ನುವುದು ದೂರವಲ್ಲ, ಜಾರುವಿಕೆ. ತಿರುವಿನಲ್ಲಿ ಚಕ್ರ ಮುಖ ಮಾಡಿರುವ ದಿಕ್ಕಿಗೂ ಅದು ನಿಜವಾಗಿ ಸಾಗುವ ದಿಕ್ಕಿಗೂ ಒಂದಿಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಇದಕ್ಕೆ ಸ್ಲಿಪ್ ಕೋನ ಎನ್ನುತ್ತಾರೆ. ಈ ಕೋನ ಇಲ್ಲದೆ ಟೈರಿಗೆ ಅಡ್ಡಬಲವೇ ಹುಟ್ಟುವುದಿಲ್ಲ. ಆದರೆ ಇದೇ ಕೋನದಿಂದ ರಬ್ಬರು ನೆಲದ ಮೇಲೆ ಅಡ್ಡಡ್ಡ ಉಜ್ಜಿ ಬಿಸಿಯಾಗುತ್ತದೆ, ಸವೆಯುತ್ತದೆ.

ಒಂದು ಸರಳ ಲೆಕ್ಕ ನೋಡಿ. ರಸ್ತೆಯ ಸಾಧಾರಣ ತಿರುವಿನಲ್ಲಿ ವೇಗ ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿ.ಮೀ. ಇರಲಿ. ಒಂದು ಟೈರಿನ ಮೇಲೆ ಅಡ್ಡಬಲ 1,000 ನ್ಯೂಟನ್, ಸ್ಲಿಪ್ ಕೋನ 1 ಡಿಗ್ರಿ. ಆಗ ರಬ್ಬರು ಅಡ್ಡಕ್ಕೆ ಜಾರುವ ವೇಗ ಸೆಕೆಂಡಿಗೆ 0.35 ಮೀಟರ್, ಹುಟ್ಟುವ ಬಿಸಿ ಸುಮಾರು 350 ವ್ಯಾಟ್. ಈಗ ಟ್ರ್ಯಾಕಿಗೆ ಬನ್ನಿ: ಸೆಕೆಂಡಿಗೆ 30 ಮೀಟರ್ ವೇಗ, ಹೊರಬದಿಯ ಟೈರಿನ ಮೇಲೆ 4,000 ನ್ಯೂಟನ್, ಕೋನ 6 ಡಿಗ್ರಿ. ಜಾರುವ ವೇಗ 3.1 ಮೀಟರ್, ಬಿಸಿ ಸುಮಾರು 12,500 ವ್ಯಾಟ್. ಮೂವತ್ತೈದು ಪಟ್ಟಿಗೂ ಹೆಚ್ಚು!

ಇನ್ನೂ ಮುಖ್ಯವಾದ ಮಾತು ಮುಂದಿದೆ. ಹೆಚ್ಚಿನ ರಸ್ತೆ ಟೈರುಗಳ ಹಿಡಿತ 6ರಿಂದ 10 ಡಿಗ್ರಿಯ ನಡುವೆ ಎಲ್ಲೋ ತನ್ನ ತುದಿ ಮುಟ್ಟುತ್ತದೆ. ಮೇಲಿನ ಉದಾಹರಣೆಯ ಟೈರು 6 ಡಿಗ್ರಿಗೇ ತುದಿ ಮುಟ್ಟಿದೆ ಎಂದುಕೊಳ್ಳಿ. ನೀವು ಸ್ಟೀರಿಂಗನ್ನು ಇನ್ನಷ್ಟು ತಿರುಗಿಸಿ 10 ಡಿಗ್ರಿಗೆ ಒಯ್ದರೆ ಹಿಡಿತ ಒಂದು ಚೂರೂ ಹೆಚ್ಚುವುದಿಲ್ಲ, ಬಿಸಿ ಮಾತ್ರ 20,000 ವ್ಯಾಟ್ ದಾಟುತ್ತದೆ. ಟ್ರ್ಯಾಕಿನಲ್ಲಿ ವ್ಯರ್ಥವಾಗಿ ಹೋಗುವ ರಬ್ಬರಿನ ಬಹುಪಾಲು ಹೋಗುವುದು ಇಲ್ಲೇ. ಕೆಳಗಿನ ಹಂತಗಳೆಲ್ಲ ಈ ವ್ಯರ್ಥ ಬಿಸಿಯನ್ನು ಪತ್ತೆಹಚ್ಚುವ, ತಗ್ಗಿಸುವ ದಾರಿಗಳು.

ಬೇಕಾದ ಸಾಮಾನು

- ಗಾಳಿ ಬಿಡುವ ಗುಂಡಿ ಇರುವ ಒಳ್ಳೆಯ ಪ್ರೆಶರ್ ಗೇಜ್. ಇಡೀ ದಿನ ಒಂದೇ ಗೇಜ್ ಬಳಸಿ. ಎರಡು ಗೇಜ್‌ಗಳ ನಡುವೆ 2 ಪಿಎಸ್‌ಐ ವ್ಯತ್ಯಾಸ ಇರುವುದು ಮಾಮೂಲು.
- 0.1 ಮಿ.ಮೀ. ತೋರಿಸುವ ಟ್ರೆಡ್ ಆಳದ ಗೇಜ್. ಟ್ರೆಡ್ ಎಂದರೆ ನೆಲಕ್ಕೆ ತಾಗುವ, ಬಟನ್ನು (ಎದ್ದು ನಿಂತ ರಬ್ಬರಿನ ತುಂಡು) ಮತ್ತು ಅವುಗಳ ನಡುವೆ ಕಾಲುವೆಗಳಿರುವ ಭಾಗ.
- ಕಾರಿನ ಸಾಕೆಟ್ಟಿನಿಂದ ನಡೆಯುವ 12 ವೋಲ್ಟಿನ ಗಾಳಿ ಪಂಪು.
- ಟಾರ್ಕ್ ರೆಂಚ್, ವೀಲ್ ನಟ್ಟಿಗೆ ಹೊಂದುವ ಸಾಕೆಟ್.
- ಸೀಮೆಸುಣ್ಣ ಅಥವಾ ಬಿಳಿ ಪೇಂಟ್ ಪೆನ್ನು.
- ಸಣ್ಣ ಟಾರ್ಚು, ದಪ್ಪ ಕೈಗವಸು, ನೋಟ್‌ಬುಕ್ಕು.
- ಇದ್ದರೆ ಒಳ್ಳೆಯದು: ರಬ್ಬರಿಗೆ ಚುಚ್ಚಿ ತಾಪ ಅಳೆಯುವ ಸೂಜಿಯ ಪೈರೋಮೀಟರ್. ದೂರದಿಂದ ಹಿಡಿಯುವ ಇನ್‌ಫ್ರಾರೆಡ್ ಗನ್ ಅಗ್ಗ, ಆದರೆ ಅದು ಮೇಲ್ಮೈಯನ್ನಷ್ಟೇ ಓದುತ್ತದೆ. ಮೇಲ್ಮೈ ಪಿಟ್ (ಟ್ರ್ಯಾಕಿನ ಪಕ್ಕದಲ್ಲಿ ಕಾರು ತಂದು ನಿಲ್ಲಿಸುವ ಜಾಗ) ಹಾದಿಯಲ್ಲಿ ಬರುವಷ್ಟರಲ್ಲೇ ತಣಿದಿರುತ್ತದೆ.

ಹಂತ 1: ಟೈರಿನ ಮೇಲೆ ಬರೆದಿರುವುದನ್ನು ಓದಿ

ಟೈರಿನ ಪಕ್ಕದ ಗೋಡೆಯ ಮೇಲೆ ನಾಲ್ಕು ಸಂಗತಿ ಹುಡುಕಿ.

ಮೊದಲನೆಯದು ತಯಾರಾದ ದಿನ. ಡಾಟ್ (DOT) ಎಂಬ ಅಕ್ಷರಗಳಿಂದ ಆರಂಭವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿ 2324 ಎಂದಿದ್ದರೆ ಅದು 2024ರ 23ನೇ ವಾರದ ಟೈರು. ಹೊರಗೆ ಎಷ್ಟೇ ಆಳದ ಟ್ರೆಡ್ ಕಾಣಲಿ, ಐದಾರು ವರ್ಷ ದಾಟಿದ ಟೈರನ್ನು ಟ್ರ್ಯಾಕಿಗೆ ಒಯ್ಯಬೇಡಿ. ಹಳೆಯ ರಬ್ಬರು ಗಟ್ಟಿಯಾಗಿ ಬಟನ್ನುಗಳು ತುಂಡುತುಂಡಾಗಿ ಕಿತ್ತುಬರುತ್ತವೆ.

ಎರಡನೆಯದು ವೇಗದ ಅಕ್ಷರ: ವಿ ಎಂದರೆ 240, ಡಬ್ಲ್ಯು ಎಂದರೆ 270, ವೈ ಎಂದರೆ 300 ಕಿ.ಮೀ. ಮೂರನೆಯದು ಅಕ್ಷರದ ಪಕ್ಕದಲ್ಲೇ ಇರುವ ಭಾರದ ಸಂಖ್ಯೆ. ಎರಡೂ ಕಾರಿನ ಕೈಪಿಡಿ ಹೇಳಿದ್ದಕ್ಕಿಂತ ಕಡಿಮೆ ಇರಕೂಡದು.

ನಾಲ್ಕನೆಯದು ಟ್ರೆಡ್‌ವೇರ್ ಸಂಖ್ಯೆ. ಇದು ಅಮೆರಿಕದ ವರ್ಗೀಕರಣ ಪದ್ಧತಿ. ಪರೀಕ್ಷೆಗೆ ಇಟ್ಟುಕೊಂಡ ಮಾದರಿ ಟೈರಿಗೆ 100 ಎಂದು ಲೆಕ್ಕ. ಸುಮಾರು 11,600 ಕಿ.ಮೀ. ರಸ್ತೆ ಓಟದ ಸವೆತವನ್ನು ಹೋಲಿಸಿ ಸಂಖ್ಯೆ ಕೊಡುತ್ತಾರೆ. ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್ ಟೈರಿನದು 300, ಯೊಕೊಹಾಮಾ ಅಡ್ವಾನ್ ಎ052 ಟೈರಿನದು 200, ಟೊಯೊ ಆರ್888ಆರ್ ಟೈರಿನದು 100. ಸಂಖ್ಯೆ ಕಡಿಮೆಯಾದಷ್ಟೂ ರಬ್ಬರು ಮೆದು, ಹಿಡಿತ ಹೆಚ್ಚು, ಆಯುಷ್ಯ ಕಡಿಮೆ ಎಂಬುದು ಸ್ಥೂಲವಾಗಿ ಸರಿ.

ಹೆಚ್ಚಿನವರು ಎಡವುವುದು ಇಲ್ಲಿ: ‘ಟ್ರೆಡ್‌ವೇರ್ 500 ಇರುವ ಟೈರು ಹಾಕಿದರೆ ಟ್ರ್ಯಾಕಿನಲ್ಲಿ ಬಹಳ ದಿನ ಬಂದೀತು’ ಎಂಬ ಲೆಕ್ಕಾಚಾರ. ಬರುವುದಿಲ್ಲ. ಆ ಸಂಖ್ಯೆ ಬಂದದ್ದು ರಸ್ತೆಯ ತಾಪದಲ್ಲಿ. ದೀರ್ಘ ಬಾಳಿಕೆಯ ಟೈರುಗಳಿಗೆ ಟ್ರ್ಯಾಕಿನ ತಾಪ ತಾಳುವ ಗುಣವಿಲ್ಲ, ಟ್ರೆಡ್ಡೂ ಆಳ. ಅವು ಒಂದೇ ಸರದಿಯಲ್ಲಿ ಅಂಚು ಕಿತ್ತುಕೊಂಡು ನಿಲ್ಲಬಹುದು. ತಾಪ ತಾಳುವ ಮೆದು ಟೈರೇ ಟ್ರ್ಯಾಕಿನಲ್ಲಿ ಹೆಚ್ಚು ದಿನ ಬಾಳುವುದು ಅಪರೂಪವಲ್ಲ.

ಪಂಕ್ಚರ್ ಹಾಕಿಸಿದ ಟೈರು ಟ್ರ್ಯಾಕಿಗೆ ಬೇಡ. ಇದರಲ್ಲಿ ರಾಜಿ ಇಲ್ಲ.

ಹಂತ 2: ಹೊರಡುವ ಮುನ್ನ ಆಳ ಅಳೆಯಿರಿ

ಪ್ರತಿ ಟೈರಿನ ಒಳ ಅಂಚು, ನಡು, ಹೊರ ಅಂಚು ಹೀಗೆ ಮೂರು ಕಡೆ ಅಳೆಯಿರಿ. ಚಕ್ರವನ್ನು ಮೂರನೇ ಒಂದು ಸುತ್ತು ತಿರುಗಿಸಿ ಮತ್ತೆ ಅಳೆಯಿರಿ, ಇನ್ನೊಮ್ಮೆ ತಿರುಗಿಸಿ ಮತ್ತೊಮ್ಮೆ. ಒಂದು ಟೈರಿಗೆ ಒಂಬತ್ತು ಅಂಕಿ, ಕಾರಿಗೆ ಮೂವತ್ತಾರು. ಅರ್ಧ ಗಂಟೆಯ ಕೆಲಸ.

ಅಳೆಯುವ ಜಾಗಕ್ಕೆ ಪೇಂಟ್ ಪೆನ್ನಿನಿಂದ ಗುರುತು ಹಾಕಿ. ಸಂಜೆ ಅದೇ ಜಾಗದಲ್ಲಿ ಅಳೆಯದಿದ್ದರೆ ಇಡೀ ಶ್ರಮ ನೀರುಪಾಲು. ಕಾಲುವೆಯ ತಳದಲ್ಲಿ ಅಲ್ಲಲ್ಲಿ ಉಬ್ಬಿದ ಸಣ್ಣ ಕಟ್ಟೆಗಳಿರುತ್ತವೆ; ಅವು ಸವೆತದ ಸೂಚಕಗಳು, ಎತ್ತರ 1.6 ಮಿ.ಮೀ. ಗೇಜಿನ ಮೊನೆ ಅವುಗಳ ಮೇಲೆ ಕೂತರೆ ಅಳತೆ ತಪ್ಪುತ್ತದೆ.

ಹೊರ ಅಂಚಿನ ಕಾಲುವೆಯಿಂದ ಆಚೆಗೂ ರಬ್ಬರು ಇರುತ್ತದೆ. ಟ್ರೆಡ್ಡು ಪಕ್ಕದ ಗೋಡೆಗೆ ಬಾಗುವ ಆ ತಿರುವಿಗೆ ಟೈರಿನ ಭುಜ, ಶೋಲ್ಡರ್ ಎನ್ನುತ್ತಾರೆ. ಟ್ರ್ಯಾಕಿನಲ್ಲಿ ಮೊದಲು ಹೋಗುವುದು ಈ ಭುಜವೇ, ಆದರೆ ಅಲ್ಲಿ ಗೇಜ್ ಇಳಿಸಲು ಕಾಲುವೆ ಇರುವುದಿಲ್ಲ. ಆದ್ದರಿಂದ ಪ್ರತಿ ಭುಜದ ಫೋಟೊ ತೆಗೆದಿಟ್ಟುಕೊಳ್ಳಿ.

ಹಂತ 3: ಕ್ಯಾಂಬರ್ ಮತ್ತು ಟೋ

ಕಾರನ್ನು ಎದುರಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೆ ವಾಲಿದ್ದರೆ ಅದು ಋಣ ಕ್ಯಾಂಬರ್. ತಿರುವಿನಲ್ಲಿ ಕಾರು ಹೊರಕ್ಕೆ ವಾಲುತ್ತದೆ; ಆಗ ಹೊರಬದಿಯ ಟೈರು ತನ್ನ ಹೊರ ಭುಜದ ಮೇಲೆ ಹತ್ತಿ ನಿಲ್ಲುತ್ತದೆ. ಮೊದಲೇ ಒಳಕ್ಕೆ ವಾಲಿಸಿಟ್ಟ ಚಕ್ರ ಆ ಹೊತ್ತಿಗೆ ನೆಲದ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ರಸ್ತೆಗೆಂದು ಬರುವ ಹೆಚ್ಚಿನ ಕಾರುಗಳಲ್ಲಿ ಮುಂದಿನ ಕ್ಯಾಂಬರ್ –0.5ರಿಂದ –1.5 ಡಿಗ್ರಿ. ಟ್ರ್ಯಾಕಿಗೆ –2ರಿಂದ –3 ಬೇಕಾಗುತ್ತದೆ. ಮ್ಯಾಕ್‌ಫರ್ಸನ್ ಸ್ಟ್ರಟ್ ಸಸ್ಪೆನ್ಶನ್ ಇರುವ ಕಾರುಗಳಿಗೆ ಇದು ಹೆಚ್ಚು ಮುಖ್ಯ, ಏಕೆಂದರೆ ಅವು ವಾಲಿದಾಗ ಇರುವ ಕ್ಯಾಂಬರನ್ನೂ ಕಳೆದುಕೊಳ್ಳುತ್ತವೆ.

–2.5 ಡಿಗ್ರಿ ಇಟ್ಟುಕೊಂಡರೆ ರಸ್ತೆಯಲ್ಲಿ ಒಳ ಅಂಚು ಬೇಗ ಸವೆಯುವುದಿಲ್ಲವೇ ಎಂಬ ಭಯ ಸಹಜ. ಸ್ವಲ್ಪ ಸವೆಯುತ್ತದೆ. ಆದರೆ ರಸ್ತೆಯಲ್ಲಿ ಒಳ ಅಂಚನ್ನು ನಿಜವಾಗಿ ತಿನ್ನುವುದು ತಪ್ಪು ಟೋ, ಅಂದರೆ ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮುಂಭಾಗ ಹೊರಕ್ಕೋ ಒಳಕ್ಕೋ ತಿರುಗಿರುವುದು. ಕ್ಯಾಂಬರ್ ಬದಲಿಸಿದರೆ ಟೋ ತಾನಾಗಿ ಬದಲಾಗುತ್ತದೆ. ಕ್ಯಾಂಬರನ್ನು ಮಾತ್ರ ಹೊಂದಿಸಿ ಟೋ ನೋಡದೆ ಕಾರನ್ನು ಅಲೈನ್‌ಮೆಂಟ್ ಯಂತ್ರದಿಂದ ಇಳಿಸಿಕೊಂಡರೆ ಹೊಸ ಟೈರುಗಳು ಟ್ರ್ಯಾಕ್ ಮುಟ್ಟುವ ಮುನ್ನವೇ ಹಾಳಾಗುತ್ತವೆ. ಮುಂದಿನ ಟೋವನ್ನು ಸೊನ್ನೆಗೆ ಹತ್ತಿರ ಇರಿಸಿ, ಹಿಂದಿನದನ್ನು ಕೈಪಿಡಿಯಂತೆ ತುಸು ಒಳಕ್ಕೆ ಬಿಡಿ. ಅಲೈನ್‌ಮೆಂಟ್ ಮುಗಿದ ಮೇಲೆ ಮುದ್ರಿತ ಚೀಟಿ ಕೇಳಿ ಪಡೆಯಿರಿ.

ಹಂತ 4: ಹೊಸ ಟೈರನ್ನು ಪಳಗಿಸಿ

ಅಂಗಡಿಯಿಂದ ತಂದ ಹೊಸ ಟೈರನ್ನು ನೇರವಾಗಿ ಟ್ರ್ಯಾಕಿಗೆ ಇಳಿಸುವುದು ಅತ್ಯಂತ ದುಬಾರಿ ತಪ್ಪು. ಕಾರಣ ಎರಡು. 7–8 ಮಿ.ಮೀ. ಎತ್ತರದ ಹೊಸ ಬಟನ್ನುಗಳು ಬಲ ಬಿದ್ದಾಗ ಹಲ್ಲುಗಳಂತೆ ಅಲುಗಾಡುತ್ತವೆ. ಆ ಅಲುಗಾಟ ಬುಡದಲ್ಲೇ ಬಿಸಿ ಹುಟ್ಟಿಸುತ್ತದೆ. 4–5 ಮಿ.ಮೀ.ಗೆ ಇಳಿದ ಅದೇ ಟೈರು ತಂಪಾಗಿ ಓಡುತ್ತದೆ, ತಿರುವಿನಲ್ಲಿ ಚುರುಕಾಗಿಯೂ ಇರುತ್ತದೆ. ಎರಡನೆಯದಾಗಿ, ರಬ್ಬರಿನ ಮೊದಲ ಬಿಸಿ ನಿಧಾನವಾಗಿ ಏರಿ, ಆಮೇಲೆ ಪೂರ್ತಿ ತಣಿದು ವಿಶ್ರಮಿಸಿದರೆ ಅದರ ಒಳಕಟ್ಟು ಬಿಗಿಯಾಗುತ್ತದೆ.

ಮಾಡಬೇಕಾದದ್ದು ಇಷ್ಟೇ. ಮೊದಲು ರಸ್ತೆಯಲ್ಲಿ ಕೆಲವು ನೂರು ಕಿ.ಮೀ. ಓಡಿಸಿ. ಟ್ರ್ಯಾಕಿನ ಮೊದಲ ಸರದಿಯಲ್ಲಿ ಐದಾರು ಸುತ್ತು, ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ವೇಗ ಏರಿಸುತ್ತ, ಎಲ್ಲೂ ಜಾರಿಸದೆ ಹೋಗಿ ಹೊರಬನ್ನಿ. ಸಾಧ್ಯವಾದರೆ 24 ಗಂಟೆ ಬಿಡಿ. ದಿನದ ನಡುವೆ ಅದು ಆಗದ ಮಾತು. ಆದ್ದರಿಂದ ಹೊಸ ಸೆಟ್ಟನ್ನು ಒಂದು ದಿನದ ಕೊನೆಯ ಸರದಿಯಲ್ಲಿ ಪಳಗಿಸಿಟ್ಟು ಮುಂದಿನ ಟ್ರ್ಯಾಕ್ ಡೇಗೆ ಬಳಸುವುದು ಜಾಣತನ.

ಹಂತ 5: ಗಾಳಿ

ಹಣ ಹೆಚ್ಚು ಖರ್ಚಿಲ್ಲದೆ ಟೈರ್ ಉಳಿಸುವ ಅತಿ ದೊಡ್ಡ ಅವಕಾಶ ಇಲ್ಲಿದೆ. ಆದ್ದರಿಂದ ಈ ಹಂತವನ್ನು ನಿಧಾನವಾಗಿ ಓದಿ.

ಟೈರು ಬಿಸಿಯಾದಂತೆ ಒಳಗಿನ ಗಾಳಿಯ ಒತ್ತಡ ಏರುತ್ತದೆ. ಸುಮಾರು 6 ಡಿಗ್ರಿ ಸೆಲ್ಸಿಯಸ್‌ಗೆ 1 ಪಿಎಸ್‌ಐ ಎಂದು ನೆನಪಿಡಿ. 20 ಡಿಗ್ರಿಯಲ್ಲಿ 32 ಪಿಎಸ್‌ಐ ಹಾಕಿದ ಟೈರಿನ ಒಳಗಾಳಿ 70 ಡಿಗ್ರಿಗೆ ಏರಿದರೆ ಗೇಜ್ 40 ತೋರಿಸುತ್ತದೆ. 40ರಲ್ಲಿ ಟೈರಿನ ನಡು ಉಬ್ಬುತ್ತದೆ, ನೆಲಕ್ಕೆ ತಾಗುವ ಜಾಗ ಕಿರಿದಾಗುತ್ತದೆ, ಕಾರು ಎಣ್ಣೆಯ ಮೇಲೆ ಹೋದಂತೆ ಜಾರತೊಡಗುತ್ತದೆ. ಜಾರಿದಷ್ಟೂ ಬಿಸಿ, ಬಿಸಿಯಾದಷ್ಟೂ ಒತ್ತಡ. ಈ ಸರಪಳಿಯನ್ನು ನೀವು ಕಡಿಯಬೇಕು.

ಹಾಗಾಗಿ ಟ್ರ್ಯಾಕಿನಲ್ಲಿ ಗುರಿ ಇಡುವುದು ಬಿಸಿ ಒತ್ತಡಕ್ಕೆ, ತಣ್ಣನೆಯ ಒತ್ತಡಕ್ಕಲ್ಲ. ಟೈರ್ ತಯಾರಕರು ಟ್ರ್ಯಾಕ್ ಬಳಕೆಗೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ಕೊಟ್ಟಿಲ್ಲವಾದರೆ ರಸ್ತೆಯ ಸ್ಪೋರ್ಟ್ಸ್ ಟೈರುಗಳಿಗೆ ಬಿಸಿಯಲ್ಲಿ 34–37, ಟ್ರೆಡ್‌ವೇರ್ 200ರ ಸುತ್ತಿನವಕ್ಕೆ 32–35 ಎಂದು ಆರಂಭಿಸಿ.

ಕ್ರಮ ಹೀಗೆ:

1. ಬೆಳಿಗ್ಗೆ, ಕಾರು ನೆರಳಿನಲ್ಲಿ ತಣ್ಣಗಿರುವಾಗ ಗುರಿಗಿಂತ ಸುಮಾರು 5 ಪಿಎಸ್‌ಐ ಕಡಿಮೆ ಇರಿಸಿ. ಕೈಪಿಡಿಯ ಕನಿಷ್ಠಕ್ಕಿಂತ ಕೆಳಗೆ ಹೋಗಬೇಡಿ.
2. ಮೊದಲ ಎರಡು ಸುತ್ತು ಮೆಲ್ಲಗೆ. ಒತ್ತಡ ಕಡಿಮೆ ಇರುವಾಗ ಪಕ್ಕದ ಗೋಡೆ ಹೆಚ್ಚು ಬಾಗುತ್ತದೆ. ಆಗ ಬಲವಂತ ಮಾಡಿದರೆ ಭುಜ ಹೋಗುತ್ತದೆ. ಒತ್ತಡ ತೀರಾ ಕಡಿಮೆಯಿದ್ದರೆ ಟೈರು ರಿಮ್ಮಿನಿಂದಲೇ ಕಳಚಬಹುದು.
3. ನಾಲ್ಕೈದು ಬಿರುಸಿನ ಸುತ್ತು ಮುಗಿಸಿ ನೇರ ಪಿಟ್ಟಿಗೆ ಬನ್ನಿ. ಎರಡು ನಿಮಿಷದ ಒಳಗೆ ನಾಲ್ಕೂ ಟೈರು ಅಳೆದು ಬರೆದುಕೊಳ್ಳಿ. ತಡವಾದರೆ ಅಂಕಿ ಇಳಿದುಬಿಟ್ಟಿರುತ್ತದೆ.
4. ಗುರಿಗಿಂತ ಹೆಚ್ಚಿದ್ದಷ್ಟನ್ನು ಬಿಡಿ. ಹೆಚ್ಚು ಭಾರ ಹೊರುವ ಟೈರು ಹೆಚ್ಚು ಏರಿರುತ್ತದೆ, ಅದರಿಂದ ಹೆಚ್ಚು ಬಿಡಬೇಕಾಗುತ್ತದೆ. ನಾಲ್ಕರಿಂದಲೂ ಸಮನಾಗಿ ಬಿಡುವುದು ತಪ್ಪು; ನಾಲ್ಕೂ ಗುರಿಗೆ ಬಂದು ನಿಲ್ಲಬೇಕು.
5. ಮುಂದಿನ ಸರದಿಯ ನಂತರ ಮತ್ತೆ ನೋಡಿ. ಮಧ್ಯಾಹ್ನದ ಡಾಂಬರು ಬೆಳಗಿನದಕ್ಕಿಂತ ಬಿಸಿ, ಮತ್ತೆ 1–2 ಪಿಎಸ್‌ಐ ಬಿಡಬೇಕಾದೀತು.

ಕಾರಿನ ಒಂದೇ ಬದಿಗೆ ಬಿಸಿಲು ಬಿದ್ದಿದ್ದರೆ ಆ ಬದಿಯ ಟೈರುಗಳು 1–2 ಪಿಎಸ್‌ಐ ಹೆಚ್ಚು ತೋರಿಸುತ್ತವೆ. ಅದನ್ನು ನಂಬಿ ‘ಸಮ’ ಮಾಡಿದರೆ ನಿಜದಲ್ಲಿ ಅಸಮ ಮಾಡಿದಂತೆ.

ನೈಟ್ರೋಜನ್ ತುಂಬಿಸಿದರೆ ಒತ್ತಡ ಏರುವುದೇ ಇಲ್ಲ ಎಂಬ ನಂಬಿಕೆ ತಪ್ಪು. ಅದೂ ಒಣಗಾಳಿಯಷ್ಟೇ ಹಿಗ್ಗುತ್ತದೆ. ಅದರ ಲಾಭ ಒಣಗಿರುವುದರಲ್ಲಿದೆ: ಸಾಮಾನ್ಯ ಕಂಪ್ರೆಸರಿನ ಗಾಳಿಯಲ್ಲಿ ತೇವ ಇದ್ದರೆ ಅದು ಆವಿಯಾಗಿ ಒತ್ತಡ ಲೆಕ್ಕ ತಪ್ಪಿ ಏರುತ್ತದೆ.

ಮಳೆಯ ದಿನ ಈ ಲೆಕ್ಕ ತಿರುಗುತ್ತದೆ. ಟೈರು ಅಷ್ಟು ಬಿಸಿಯಾಗುವುದಿಲ್ಲ, ಒತ್ತಡವೂ ಏರುವುದಿಲ್ಲ. ತಣ್ಣನೆಯಲ್ಲೇ ಗುರಿಗೆ ಹತ್ತಿರ ಇರಿಸಿ ಹೊರಡಿ.

ಹಂತ 6: ಟ್ರ್ಯಾಕಿನ ಮೇಲೆ

ಸರದಿ 20 ನಿಮಿಷ ಇದೆಯೆಂದು ಇಪ್ಪತ್ತೂ ನಿಮಿಷ ಹಿಂಡಬೇಕಿಲ್ಲ. ರಸ್ತೆ ಟೈರುಗಳು ಸುಮಾರು 70ರಿಂದ 100 ಡಿಗ್ರಿಯಲ್ಲಿ ಚೆನ್ನಾಗಿ ದುಡಿಯುತ್ತವೆ. 110–120 ದಾಟಿದರೆ ಹಿಡಿತ ಇಳಿದು ಸವೆತ ನುಗ್ಗುತ್ತದೆ. ಮೂರು-ನಾಲ್ಕು ಬಿರುಸಿನ ಸುತ್ತು, ಒಂದು ತಣಿಸುವ ಸುತ್ತು, ಮತ್ತೆ ಮೂರು: ಈ ತಾಳದಲ್ಲಿ ಓಡಿಸಿದರೆ ಟೈರಿನ ಜೊತೆ ಬ್ರೇಕೂ ಉಳಿಯುತ್ತದೆ.

ಕಿವಿ ಕೊಡಿ. ತಿರುವಿನಲ್ಲಿ ಟೈರು ಸಣ್ಣಗೆ ಗುನುಗುತ್ತಿದ್ದರೆ ಹಿಡಿತದ ತುದಿಯ ಹತ್ತಿರ ಇದೆ ಎಂದರ್ಥ. ಕಿರುಚತೊಡಗಿದರೆ ತುದಿ ದಾಟಿದೆ. ಕೆಲವು ಟ್ರ್ಯಾಕ್ ಟೈರುಗಳು ಸದ್ದೇ ಮಾಡುವುದಿಲ್ಲ. ಅಲ್ಲಿ ಸ್ಟೀರಿಂಗ್ ಹಗುರಾಗುವುದೇ ಸೂಚನೆ.

ಮುಂದಿನ ಟೈರುಗಳನ್ನು ಕೊಲ್ಲುವ ಅಭ್ಯಾಸ ಒಂದೇ. ತಿರುವಿಗೆ ವೇಗ ಹೆಚ್ಚಾಗಿ ಕಾರು ಮೂಗು ತಿರುಗಿಸದೆ ನೇರಕ್ಕೆ ಎಳೆಯುತ್ತದೆ, ಇದಕ್ಕೆ ಅಂಡರ್‌ಸ್ಟಿಯರ್ ಎನ್ನುತ್ತಾರೆ. ಆಗ ಚಾಲಕ ಗಾಬರಿಯಲ್ಲಿ ಸ್ಟೀರಿಂಗನ್ನು ಇನ್ನಷ್ಟು ತಿರುಗಿಸುತ್ತಾನೆ. ಆರಂಭದ ಲೆಕ್ಕ ನೆನಪಿಸಿಕೊಳ್ಳಿ: ಹಿಡಿತ ಅಷ್ಟೇ, ಬಿಸಿ ಒಂದೂವರೆ ಪಟ್ಟಿಗೂ ಹೆಚ್ಚು. ಸರಿಯಾದ ಮದ್ದು ಸ್ಟೀರಿಂಗನ್ನು ತುಸು ಸಡಿಲಿಸಿ, ವೇಗ ಇಳಿಯಲು ಬಿಡುವುದು. ಮುಂದಿನ ಸುತ್ತಿನಲ್ಲಿ ಬ್ರೇಕನ್ನು ಹತ್ತು ಮೀಟರ್ ಮೊದಲೇ ಒತ್ತಿ.

ಹಿಂದಿನ ಟೈರುಗಳಿಗೆ ಶತ್ರು ಆಕ್ಸಿಲರೇಟರ್. ಹಿಂಚಕ್ರ ಚಾಲನೆಯ ಕಾರಿನಲ್ಲಿ ಸ್ಟೀರಿಂಗ್ ಇನ್ನೂ ತಿರುಗಿರುವಾಗಲೇ ಪೂರ್ತಿ ಒತ್ತಿದರೆ ಒಂದೇ ಟೈರು ಅಡ್ಡಬಲವನ್ನೂ ಎಂಜಿನ್ನಿನ ಬಲವನ್ನೂ ಹೊರಬೇಕು. ಕೈ ನೇರವಾಗುತ್ತ ಬಂದಂತೆ ಕಾಲು ಒತ್ತುತ್ತ ಹೋಗಲಿ.

ಕೊನೆಯ ಸುತ್ತು ತಣಿಸಲಿಕ್ಕೆ. ಪ್ಯಾಡಕ್ಕಿನಲ್ಲಿ, ಅಂದರೆ ಸರದಿಗಳ ನಡುವೆ ಕಾರು ನಿಲ್ಲುವ ಅಂಗಳದಲ್ಲಿ, ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಕಾದ ಡಿಸ್ಕಿಗೆ ಪ್ಯಾಡು ಅಂಟಿಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಕೊಡಿ. ಆದರೆ ಬಿಸಿ ಒತ್ತಡ, ತಾಪ ಅಳೆಯಬೇಕಾದ ಸರದಿಯಲ್ಲಿ ತಣಿಸುವ ಸುತ್ತನ್ನು ತೀರಾ ನಿಧಾನ ಮಾಡಿದರೆ ಅಳತೆ ಸುಳ್ಳಾಗುತ್ತದೆ. ಎಂಜಿನ್ನು, ಬ್ರೇಕು ಅನುಮತಿಸುವಷ್ಟು ಚುರುಕಾಗಿಯೇ ಬನ್ನಿ.

ಹಂತ 7: ತಾಪ ಮತ್ತು ಸೀಮೆಸುಣ್ಣ

ಪೈರೋಮೀಟರ್ ಇದ್ದರೆ ಹೆಚ್ಚು ದುಡಿದ ಟೈರಿನಿಂದ ಆರಂಭಿಸಿ. ಪ್ರದಕ್ಷಿಣವಾಗಿ ಸುತ್ತುವ ಟ್ರ್ಯಾಕಿನಲ್ಲಿ ಬಲ ತಿರುವುಗಳೇ ಹೆಚ್ಚು, ಭಾರ ಎಡಕ್ಕೆ ಬೀಳುತ್ತದೆ. ಸಾಮಾನ್ಯವಾಗಿ ಮುಂದಿನ ಎಡ ಟೈರೇ ಮೊದಲ ಬಲಿ. ಅಪ್ರದಕ್ಷಿಣ ಟ್ರ್ಯಾಕಿನಲ್ಲಿ ಮುಂದಿನ ಬಲ. ಸೂಜಿಯನ್ನು ಬಟನ್ನಿನೊಳಕ್ಕೆ 2–3 ಮಿ.ಮೀ. ಚುಚ್ಚಿ ಒಳ ಅಂಚು, ನಡು, ಹೊರ ಅಂಚು ಓದಿಕೊಳ್ಳಿ.

90, 86, 82 ಎಂಬಂತೆ ಒಳಗಿನಿಂದ ಹೊರಕ್ಕೆ ಮೆಲ್ಲಗೆ ಇಳಿಯುವ ಸಾಲು ಒಳ್ಳೆಯದು. ಹೊರ ಅಂಚೇ ಹೆಚ್ಚು ಬಿಸಿಯಿದ್ದರೆ ಋಣ ಕ್ಯಾಂಬರ್ ಸಾಲದು. ಒಳ ಅಂಚು 15 ಡಿಗ್ರಿಗೂ ಹೆಚ್ಚು ಮುಂದಿದ್ದರೆ ಕ್ಯಾಂಬರ್ ಅತಿಯಾಗಿದೆ. ನಡು ಎರಡೂ ಅಂಚುಗಳಿಗಿಂತ ಬಿಸಿಯಿದ್ದರೆ ಗಾಳಿ ಹೆಚ್ಚು, ತಂಪಿದ್ದರೆ ಕಡಿಮೆ.

ಪೈರೋಮೀಟರ್ ಇಲ್ಲದಿದ್ದರೆ ಸರದಿಗೆ ಮುನ್ನ ಟ್ರೆಡ್ಡಿನಿಂದ ಪಕ್ಕದ ಗೋಡೆಯವರೆಗೆ ಸೀಮೆಸುಣ್ಣದ ಗೆರೆ ಎಳೆಯಿರಿ. ಬಂದ ಮೇಲೆ ಗೆರೆ ಎಲ್ಲಿಯವರೆಗೆ ಅಳಿಸಿದೆ ನೋಡಿ. ಅನೇಕ ಟೈರುಗಳ ಭುಜದ ಮೇಲೆ ಸಣ್ಣ ತ್ರಿಕೋನ ಗುರುತು ಇರುತ್ತದೆ. ಗೆರೆ ಅದರ ತುದಿಯ ಆಸುಪಾಸಿನವರೆಗೆ ಅಳಿಸಿದ್ದರೆ ಸರಿ. ದಾಟಿ ಗೋಡೆಯ ಮೇಲಿನ ಅಕ್ಷರಗಳತ್ತ ಹೋಗಿದ್ದರೆ ಟೈರು ಮಗುಚುತ್ತಿದೆ. 2 ಪಿಎಸ್‌ಐ ಹೆಚ್ಚಿಸಿ, ತಿರುವಿಗೆ ಇಳಿಯುವ ವೇಗ ತಗ್ಗಿಸಿ.

ಹಂತ 8: ಸವೆತವನ್ನು ಓದುವುದು

ಪ್ರತಿ ಸರದಿಯ ನಂತರ ಟಾರ್ಚು ಹಿಡಿದು ನಾಲ್ಕೂ ಟೈರನ್ನು ಸುತ್ತ ನೋಡಿ. ಒಳ ಅಂಚು ಕಣ್ಣಿಗೆ ಬೀಳುವುದಿಲ್ಲ. ಸ್ಟೀರಿಂಗ್ ತಿರುಗಿಸಿ, ಹಿಂದಿನದಕ್ಕೆ ಬಗ್ಗಿ ನೋಡಲೇಬೇಕು. ಹೊರಗೆ ಚೆನ್ನಾಗಿದ್ದು ಒಳಗೆ ನೂಲು ಬಿಟ್ಟ ಟೈರಿನಷ್ಟು ಅಪಾಯಕಾರಿ ಇನ್ನೊಂದಿಲ್ಲ.

ಮೇಲ್ಮೈಗೆ ಅಂಟಿದ ರಬ್ಬರಿನ ಉಂಡೆಗಳನ್ನು ನೋಡಿ ಹೆದರಬೇಡಿ. ಅವು ಟ್ರ್ಯಾಕಿನ ಬದಿಯಲ್ಲಿ ಬಿದ್ದಿದ್ದ ಬೇರೆ ಕಾರುಗಳ ರಬ್ಬರು, ತಣಿಸುವ ಸುತ್ತಿನಲ್ಲಿ ಅಂಟಿಕೊಂಡದ್ದು. ಆಳ ಅಳೆಯುವ ಮುನ್ನ ಕೆರೆದು ತೆಗೆಯಿರಿ, ಇಲ್ಲದಿದ್ದರೆ ಟೈರು ಬೆಳೆದಂತೆ ಅಂಕಿ ಬರುತ್ತದೆ!

ಮರಳಿನ ಮೇಲೆ ಗಾಳಿ ಬೀಸಿದಂತೆ ಟ್ರೆಡ್ಡಿನ ಮೇಲೆ ಸಣ್ಣ ಅಲೆಗಳು ಎದ್ದಿದ್ದರೆ ಅದು ಗ್ರೇನಿಂಗ್. ರಬ್ಬರಿನ ಒಡಲು ಇನ್ನೂ ತಣ್ಣಗಿರುವಾಗ ಮೇಲ್ಮೈಯನ್ನು ಜಾರಿಸಿದ್ದೀರಿ. ಮೊದಲ ಸುತ್ತುಗಳನ್ನು ನಿಧಾನಿಸಿದರೆ ಹೆಚ್ಚಾಗಿ ತಾನೇ ಸವೆದು ನುಣುಪಾಗುತ್ತದೆ.

ಗುಳ್ಳೆಯೊಡೆದಂತೆ ಸಣ್ಣ ಕುಳಿಗಳು ಕಂಡರೆ ಅದು ಬ್ಲಿಸ್ಟರಿಂಗ್, ಗ್ರೇನಿಂಗ್‌ಗೆ ತದ್ವಿರುದ್ಧ. ಇಲ್ಲಿ ಒಡಲೇ ಕುದಿದಿದೆ. ಬಟನ್ನಿನ ಅಂಚು ತುಂಡಾಗಿ ಹಾರಿಹೋಗಿದ್ದರೆ ಅದು ಚಂಕಿಂಗ್, ಆಳ ಟ್ರೆಡ್ಡಿನ ಟೈರಿಗೆ ಬರುವ ರೋಗ. ಎರಡರಲ್ಲಿ ಯಾವುದು ಕಂಡರೂ ಆ ದಿನ ವೇಗ ಇಳಿಸಿ, ಸುತ್ತುಗಳನ್ನು ಅರ್ಧ ಮಾಡಿ. ಕುಳಿ ಇಲ್ಲವೇ ಕಿತ್ತ ಜಾಗ ಟ್ರೆಡ್ಡಿನ ಬುಡದವರೆಗೆ ಹೋಗಿದ್ದರೆ ಟೈರನ್ನೇ ಬಿಡಿ.

ಅಂಗೈಯನ್ನು ಟ್ರೆಡ್ಡಿನ ಮೇಲೆ ಅಡ್ಡಡ್ಡ ಸವರಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದಕ್ಕೆ ಗರಗಸದಂತೆ ಚುಚ್ಚಿದರೆ ಟೋ ಮೇಲೆ ಅನುಮಾನ ಪಡಿ. ಆದರೆ ಟ್ರ್ಯಾಕಿನಿಂದ ಬಂದ ಎಲ್ಲ ಟೈರಿಗೂ ಸ್ವಲ್ಪ ಗರಗಸ ಇರುತ್ತದೆ. ರಸ್ತೆಯಲ್ಲಿ ಓಡಿದ ಮೇಲೂ ಉಳಿದರೆ ಮಾತ್ರ ಅಲೈನ್‌ಮೆಂಟ್ ನೋಡಿಸಿ.

ಬ್ರೇಕಿನಲ್ಲಿ ಚಕ್ರ ಕಚ್ಚಿ ನಿಂತು ಎಳೆದುಹೋದರೆ ಒಂದೇ ಜಾಗ ಚಪ್ಪಟೆಯಾಗುತ್ತದೆ. ವೇಗಕ್ಕೆ ತಕ್ಕಂತೆ ಕಾರು ನಡುಗುತ್ತದೆ. ಚಪ್ಪಟೆಯಾದ ಜಾಗದ ಆಳ ಅಳೆದು ಅದನ್ನೇ ಆ ಟೈರಿನ ಆಳವೆಂದು ಲೆಕ್ಕ ಹಿಡಿಯಿರಿ.

ರಬ್ಬರಿನ ನಡುವೆ ಬಟ್ಟೆಯ ನೂಲೋ ಉಕ್ಕಿನ ತಂತಿಯೋ ಕಂಡರೆ ಅಲ್ಲಿಗೆ ಮುಗಿಯಿತು. ಇನ್ನೊಂದು ಸುತ್ತೂ ಇಲ್ಲ, ಮನೆಯವರೆಗೂ ಇಲ್ಲ.

ಪ್ರತಿ ಸರದಿಗೆ ಮುನ್ನ, ಚಕ್ರ ತಣ್ಣಗಿರುವಾಗ, ವೀಲ್ ನಟ್ಟುಗಳನ್ನು ಕೈಪಿಡಿಯ ಟಾರ್ಕಿಗೆ ಪರೀಕ್ಷಿಸಿ. ಸಡಿಲ ಚಕ್ರದ ನಡುಕವನ್ನು ಟೈರಿನ ದೋಷವೆಂದು ತಿಳಿದು ಓಡಿಸುತ್ತಲೇ ಇರುವವರಿದ್ದಾರೆ.

ಹಂತ 9: ದಿನದ ಲೆಕ್ಕ

ಸಂಜೆ, ಟೈರು ತಣಿದ ಮೇಲೆ, ಅದೇ ಗುರುತುಗಳಲ್ಲಿ ಮೂವತ್ತಾರು ಅಳತೆ ಮತ್ತೆ ತೆಗೆಯಿರಿ. ಸರಾಸರಿ ನೋಡಬೇಡಿ, ಅತಿ ಹೆಚ್ಚು ಸವೆದ ಜಾಗ ನೋಡಿ. ಉದಾಹರಣೆಗೆ, 7.5 ಮಿ.ಮೀ. ಇದ್ದ ಮುಂದಿನ ಎಡ ಹೊರ ಅಂಚು 6.6ಕ್ಕೆ ಇಳಿದಿದ್ದರೆ ದಿನಕ್ಕೆ 0.9 ಹೋಗಿದೆ. ಅದೇ ಕಾರಿನಲ್ಲಿ ಮನೆಗೂ ಮರಳುವವರು 3 ಮಿ.ಮೀ.ಗೆ ಗೆರೆ ಎಳೆದುಕೊಳ್ಳಬೇಕು, ಏಕೆಂದರೆ ಅದಕ್ಕಿಂತ ಕೆಳಗೆ ಮಳೆನೀರನ್ನು ಹೊರದೂಡುವ ಶಕ್ತಿ ಬೇಗ ಕುಸಿಯುತ್ತದೆ. ಉಳಿದದ್ದು 3.6 ಮಿ.ಮೀ., ಅಂದರೆ ಇನ್ನು ನಾಲ್ಕು ದಿನ. ನಡುಭಾಗ 0.4 ಮಾತ್ರ ಸವೆದಿದ್ದರೆ ಸಂತೋಷಪಡುವಂತಿಲ್ಲ. ಕ್ಯಾಂಬರ್ ಇಲ್ಲವೇ ಗಾಳಿ ತಪ್ಪಾಗಿ ಅರ್ಧ ಟೈರು ವ್ಯರ್ಥವಾಗುತ್ತಿದೆ ಎಂದೇ ಅರ್ಥ.

ಆಳ ಉಳಿದಿದ್ದರೂ ಟೈರು ಸಾಯಬಹುದು. ಕಾದು ತಣಿಯುವ ಪ್ರತಿ ಸರದಿಯೂ ರಬ್ಬರನ್ನು ಒಂದಿಷ್ಟು ಗಟ್ಟಿ ಮಾಡುತ್ತದೆ. ಸರದಿಗಳ ಸಂಖ್ಯೆಯನ್ನೂ ಬರೆದಿಡಿ. ಆಳ 4 ಮಿ.ಮೀ. ಇದ್ದು, ಗಾಳಿ ಸರಿಯಿದ್ದು, ಮೊದಲಿನ ಹಿಡಿತ ಸಿಗುತ್ತಿಲ್ಲವೆಂದರೆ ಕಾರಣ ಇದೇ.

ಹಂತ 10: ಜಾಗ ಬದಲಿಸುವುದು

ನಾಲ್ಕೂ ಒಂದೇ ಅಳತೆಯ ಟೈರಾದರೆ ಹೆಚ್ಚು ಸವೆದದ್ದನ್ನು ಕಡಿಮೆ ದುಡಿಯುವ ಮೂಲೆಗೆ ಕಳಿಸಿ. ಮುಂಚಕ್ರ ಚಾಲನೆಯ ಕಾರಿನಲ್ಲಿ ಇದು ಅನಿವಾರ್ಯ. ಎಳೆತ, ತಿರುವು, ಬ್ರೇಕಿನ ಬಹುಪಾಲು ಎಲ್ಲವೂ ಮುಂದಿನ ಎರಡರ ಮೇಲೆಯೇ. ಮಳೆಯ ರಸ್ತೆಯಲ್ಲಿ ಮರಳುವುದಿದ್ದರೆ ಮಾತ್ರ ಆಳ ಹೆಚ್ಚಿರುವ ಜೋಡಿ ಹಿಂದೆ ಇರಲಿ, ಇಲ್ಲವಾದರೆ ಬಾಲ ಬೀಸೀತು.

ಪಕ್ಕದ ಗೋಡೆಯ ಮೇಲೆ ತಿರುಗುವ ದಿಕ್ಕಿನ ಬಾಣವಿದ್ದರೆ ಅದೇ ಬದಿಯಲ್ಲಿ ಹಿಂದೆ-ಮುಂದೆ ಮಾತ್ರ ಬದಲಿಸಬಹುದು. ಆದರೆ ಇಂಥ ಟೈರನ್ನು ರಿಮ್ಮಿನಿಂದ ಬಿಚ್ಚಿ, ಮಗುಚಿ, ಎದುರು ಬದಿಗೆ ಹಾಕಿದರೆ ಬಾಣದ ದಿಕ್ಕು ಸರಿಯಾಗಿಯೇ ಉಳಿದು, ಸವೆದ ಹೊರ ಭುಜ ಒಳಕ್ಕೆ ಹೋಗುತ್ತದೆ. ಒಂದೇ ಸೆಟ್ಟಿನಿಂದ ಇನ್ನಷ್ಟು ದಿನ ಪಡೆಯುವ ಒಳ್ಳೆಯ ದಾರಿ ಇದು. ‘ಹೊರಬದಿ’ ಎಂದು ಗುರುತಿರುವ ಅಸಮ ವಿನ್ಯಾಸದ ಟೈರನ್ನು ಹೀಗೆ ಮಗುಚಕೂಡದು; ಅದನ್ನು ಎಡ-ಬಲ ಬದಲಿಸಬಹುದು. ಹಿಂದೆ ಅಗಲ, ಮುಂದೆ ಕಿರಿದು ಇರುವ ಕಾರಿನಲ್ಲಿ ಹಿಂದೆ-ಮುಂದೆ ಬದಲಾವಣೆಯ ಮಾತೇ ಇಲ್ಲ. ನಾಲ್ಕೂ ಚಕ್ರ ಚಾಲನೆಯ ಕಾರಿನಲ್ಲಿ ಟೈರುಗಳ ನಡುವೆ ಎಷ್ಟು ಆಳ ವ್ಯತ್ಯಾಸ ಇರಬಹುದು ಎಂಬುದಕ್ಕೆ ಕೈಪಿಡಿಯಲ್ಲಿ ಮಿತಿ ಇರುತ್ತದೆ. ಮೀರಿದರೆ ಪೆಟ್ಟು ಬೀಳುವುದು ಟೈರಿಗಲ್ಲ, ಬಲ ಹಂಚುವ ಗೇರುಗಳಿಗೆ.

ಹಂತ 11: ಮನೆಗೆ ಹೊರಡುವ ಮುನ್ನ

ದಣಿದು ಸಾಮಾನು ಕಟ್ಟುವ ಹೊತ್ತಿನಲ್ಲಿ ಬಹಳ ಜನ ಮರೆಯುವುದು ಇದನ್ನೇ. ಬಿಸಿಯಲ್ಲಿ 40ರಿಂದ 35ಕ್ಕೆ ಇಳಿಸಿದ ಟೈರು 20 ಡಿಗ್ರಿಗೆ ತಣಿದಾಗ 28ಕ್ಕೆ ಬಂದು ನಿಂತಿರುತ್ತದೆ. ಮರುದಿನ ಬೆಳಿಗ್ಗೆ 10 ಡಿಗ್ರಿ ಇದ್ದರೆ 26. ಅಷ್ಟು ಕಡಿಮೆ ಗಾಳಿಯಲ್ಲಿ, ಕಾರು ತುಂಬ ಸಾಮಾನು ಹೇರಿಕೊಂಡು ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡಿಸಿದರೆ ಪಕ್ಕದ ಗೋಡೆ ಒಳಗಿಂದೊಳಗೇ ಬೆಂದು ಟೈರು ಒಡೆಯಬಹುದು. ಟೈರು ತಣಿಯುವವರೆಗೆ ಕಾಯಿರಿ, ಪಂಪು ತೆಗೆದು ಕೈಪಿಡಿಯ ರಸ್ತೆ ಒತ್ತಡಕ್ಕೆ ಗಾಳಿ ಹಾಕಿ, ವಾಲ್ವಿನ ಕ್ಯಾಪುಗಳನ್ನು ಹಾಕಿ, ನಟ್ಟುಗಳಿಗೆ ಇನ್ನೊಮ್ಮೆ ಟಾರ್ಕ್ ರೆಂಚ್ ಹಿಡಿಯಿರಿ. ಮೊದಲ ಹತ್ತು ಕಿಲೋಮೀಟರಿನಲ್ಲಿ ಅಂಟಿದ ರಬ್ಬರು ಕಳಚುತ್ತ ಚಕ್ರದ ಗೂಡಿನೊಳಗೆ ಟಪಟಪ ಸದ್ದು ಬರುತ್ತದೆ, ಅದು ಸಹಜ. ಹತ್ತು ದಾಟಿದ ಮೇಲೂ ಒಂದೇ ಲಯದಲ್ಲಿ ಸದ್ದೋ ನಡುಕವೋ ಉಳಿದರೆ ಕಾರು ಬದಿಗೆ ನಿಲ್ಲಿಸಿ, ಟಾರ್ಚು ಹಿಡಿದು ಒಳ ಅಂಚುಗಳನ್ನು ಮತ್ತೆ ನೋಡಿ.